ಲೈಟ್ನಿಂಗ್ ಕಾಲ್

ಟಿಳಕವಾಡಿ, ಎರಡನೇ ರೈಲ್ವೆ ಗೇಟಿನ ಬಾಜೂಕ,
ಔಷಧ ಅಂಗಡಿ ಮ್ಯಾಲಿನ ಮಾಳಿಗಿ.
ಗಾಜಿನ ಖೋಲಿಯೊಳಗ ಕೂಡಿಸಿ ಹುಡುಗಿ ಅಂದಳು,
ಸಪ್ಪಳ ಬಂದರ ಗುಂಡಿ ಒತ್ರಿ ಅಮ್ಮಾ.

ಅದು ನನಗ ಹೊಸಾದಲ್ಲ.
ಮೂವತ್ತೊಂದು ವರ್ಷ ಬೆಳಗಾವಿ ಟ್ರಂಕ್ ಎಕ್ಸ್‌ಚೇಂಜಿನಾಗ
ದೀಪ ಹತ್ತಿದಲ್ಲಿ ವಾಯರಿನ ಮೂತಿ ತುರುಕಿದಾಕಿ ನಾ.
ಆದರೂ ಇವತ್ತ ಅರ್ಧಕ್ಕರ್ಧ ಒತ್ತಿದ್ದು ಸುಳ್ಳಽ,
ಬಂದಿರಬೇಕು ಅನ್ನೂ ಅಂದಾಜಿನ ಮ್ಯಾಲ.
ಗಾಜಿನ ಆಚೆ ಆಕಿ ನಕ್ಕಳು.
ನಗಿ ಕಂಡಿತು.

ಆಮ್ಯಾಲೆ ಒಂದು ಕಾಗದ.
ಗೆರಿ ಮೊದಲು ಸಪಾಟು, ಜಾಂಬೋಟಿ ತನಕಾ ರಸ್ತೆ ಇದ್ದಂಗ,
ಅಲ್ಲಿಂದ ಒಮ್ಮಿಗೇ ಚೋರ್ಲಾ ಘಾಟು.
ಎಡಗಿವಿ ಇನ್ನೂ ಆಳಕ್ಕ ಇಳದೈತಿ.
ಹೆಡ್‌ಸೆಟ್ಟಿನ ಕಿವಿ ಅದು, ದುಡದ ಕಿವಿ.
"ಆ, ಊ, ಓ ಉಳದಾವ್ರಿ ನಿಮಗ.
ಸ ಹೋಗೇತಿ. ಶ, ಫ, ತ ಹೊಂಟಾವ."

ಹೌದಲ್ಲಾ.
ಗುರುವಾರಕ್ಕೊಮ್ಮೆ ಕ್ಯಾಂಪಿನಾಗ ಯುಲಾಲಿ ಚಹಾ ಮಾಡತಾಳ.
ಬಾಜೂ ಖುರ್ಚಿಯ ಯುಲಾಲಿ, ರಾತ್ರಿ ಪಾಳಿಯ ಜೋಡಿ.
ಮನಿಯಾಗ ಕೊಂಕಣಿ, ಕನ್ನಡ ಸಾಲಿ ಪುಸ್ತಕದ್ದು,
ನಮ್ಮಂಗ ಸಕ್ರಿ ಅನ್ನಾಕಿ ಅಲ್ಲ.
"ಸಕ್ಕರೆ ಎಷ್ಟು?" ಅಂತ ಕೇಳಿರಬೇಕು.
ನನಗ ಬಂದದ್ದು: "ಅಕ್ಕರೆ ಎಷ್ಟು?"
ಏನು ಹೇಳಲಿ ತಿಳೀದಽ ಕುಂತೆ.
ಆಕಿ ಎರಡು ಚಮಚಾ ಹಾಕಿದಳು.

ಮೇಜಿನ ಮ್ಯಾಲ ಮೂರು ಡಬ್ಬಿ ತಗದಿಟ್ಟಳು ಹುಡುಗಿ.
ಮೊದಲನೇದು ನಲವತ್ತೆಂಟು ಸಾವಿರ,
ಎಲ್ಲಾ ದೊಡ್ಡದು ಮಾಡತೈತಿ, ಅಷ್ಟಽ.
ನಡುವಿನದು ಒಂದೂವರಿ ಲಕ್ಷ.
ಕಡೀದು ಮೂರು ಲಕ್ಷಕ್ಕ ಐದು ಸಾವಿರ ಕಡಿಮಿ:
ಯಾವುದು ಮಾತು ಯಾವುದು ಗದ್ದಲ
ತಾನಽ ತಿಳಕೋತೈತಂತ.

ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್, ಅಂದೆ.
ಆಕಿಗೆ ತಿಳೀಲಿಲ್ಲ.
ಆಕಿ ಹುಟ್ಟೂದ್ರಾಗ ನಮ್ಮ ಬೋರ್ಡು ಗುಜರಿಗೆ ಹೋಗಿತ್ತು.

ಆರ್ಡಿನರಿ ಅಂದರ ಮುಂಜಾನಿಂದ ಸಂಜೀತನಾ ಕಾಯೂದು,
ಸಾಂಗಲಿಯೊಳಗ ಅರಿಷಿಣದ ದರಾ ಕೇಳಾಕ.
ಅರ್ಜೆಂಟಿಗೆ ಎರಡು ಪಟ್ಟು.
ಲೈಟ್ನಿಂಗಿಗೆ ಎಂಟು. ಮಂದಿ ಲೈನು ಕಡದು ಕೊಡಬೇಕು.
ಅದನ್ನ ಕೇಳಿದವರು ರೊಕ್ಕ ಇದ್ದವರಲ್ಲ,
ಹೊತ್ತು ಇಲ್ಲದವರು.
ನಿಪ್ಪಾಣಿಯ ಬೀಡಿ ಕಟ್ಟೂ ಹೆಣ್ಣಮಗಳೊಬ್ಬಾಕಿ ಕೌಂಟರಿಗೆ ಬಂದು,
ಉಡಿ ಬಿಚ್ಚಿ ಚಿಲ್ಲರ ಸುರುವಿ,
ಮುಂಬೈ ದವಾಖಾನಿಗೆ ಒಂದಽ ಮಾತು ಕೇಳಿದಳು: "ಇದ್ದಾನೇನ?"
ಉತ್ತರಾ ನಾನೂ ಕೇಳೇನಿ.
ಉಳಿದ ಎರಡೂವರಿ ನಿಮಿಷ ಲೈನು ಹಂಗಽ ತೆರದಿತ್ತು.

ಕಡೀದು ಹಾಕಿ ನೋಡ್ರಿ, ಅಂದಳು ಹುಡುಗಿ.
ಮೊದಲು ಬಂದದ್ದು ನನ್ನ ಸೀರಿ.
ಹೊಳ್ಳಿ ಕುಂತರ ನಿರಿಗಿ ಇಷ್ಟು ಮಾತಾಡತಾವೇನು?
ಆಮ್ಯಾಲೆ ಆಕಿ ಬಳಿ. ನಾ ಉಗುಳು ನುಂಗಿದ್ದು.

ಖಿಡಕಿಯಾಚೆ ಗೇಟು ಬಿದ್ದಿತ್ತು, ಸ್ಕೂಟರಿನ ಸಾಲು.
ಮಿರಜ ಕಡೆ ಗಾಡಿ ಹಾದು ಹೋತು, ಡಬ್ಬಿ ಹಿಂದ ಡಬ್ಬಿ,
ಒಣಾ ಹಾಕಿದ ಅರಿವಿ ಹಗ್ಗ ಸಮೇತ ಜಗ್ಗಿದಂಗ,
ಸಪ್ಪಳಿಲ್ಲದಽ.
"ಗದ್ದಲ ಅಲ್ರಿ, ತಗದು ಹಾಕೇತಿ," ಅಂದಳು ಹೆಮ್ಮಿಲೆ.

ತಂಗೀ, ಅದನ್ನ ತಗ್ಗಿಸು.
ಸರ್ರ್ ಅನ್ನೂ ಗದ್ದಲದಾಗಽ ನಾ ಮಂದಿ ದನಿ ಹೆಕ್ಕೇನಿ.
ಗದ್ದಲ ಎಷ್ಟೋ ಊರು ಅಷ್ಟು ದೂರ.
ಗೌಹಾಟಿದು ಬ್ಯಾರೆ, ಜಮ್ಮೂದು ಬ್ಯಾರೆ,
ಕಣ್ಣು ಮುಚ್ಚಿ ಹೇಳತಿದ್ದೆ.
ಯಾವುದು ಗದ್ದಲ ಅಂತ ನಾ ಹೇಳತೇನಿ,
ನಿನ್ನ ಡಬ್ಬಿಗೆ ಅಷ್ಟು ಕಲಿಸು.

ಮುಚ್ಚಂಡಿ ಮನೆತನದ ಹುಡುಗಿ, ಸಾವಧಾನದಾಕಿ.
ಮೊಬೈಲಿನ ಮ್ಯಾಲ ಬಟ್ಟು ಜಾರಿಸಿದಳು.
ಗಾಡಿಯ ಬಾಲ ಒಂದೀಟು ಸಿಕ್ಕಿತು.

ಎಪ್ಪತ್ತನಾಲ್ಕು ನನಗ. ಲೈಟ್ನಿಂಗ್ ಬರಕೋ, ಅಂದೆ.
ಚೆಕ್ಕಿನ ಮ್ಯಾಲ ಒಂದೊಂದು ಸೊನ್ನಿ ಬರದಾಗೂ
ಪೆನ್ನು ಕೆರದದ್ದು ಕೇಳಿತು.

ಗುರುವಾರ ಯುಲಾಲಿ ಬುಟ್ಟಲ ಹಿಡಕೊಂಡು ಕೇಳಿದಳು.
ಆಕಿ ಮುಂದಿನ ಹಲ್ಲು ಯಾವಾಗ ಬಿತ್ತೋ,
ಸ ಅನ್ನೂದು ಸೀಟಿ ಹೊಡಕೋತ ಬಂತು.
ಸಕ್ಕರೆ. ಸಕ್ಕರೆನಽ ಅದು, ಅನುಮಾನಿಲ್ಲ.

ಡಾಕ್ಟರು ಬ್ಯಾಡಂದು ಆರು ವರ್ಷ ಆತು.
ಎರಡು, ಅಂದೆ.