ಸುಕ್ಕ

ಹಡಗಿನ ಅಡುಗೆಮನೆ ಬಿಟ್ಟು ಜೆಪ್ಪುವಿಗೆ ಮರಳಿದ ಗ್ರೇಶಿಯನ್
ಉದ್ದ ಕತ್ತಿನ ಹಸಿರು ಬಾಟಲಿ ಮೇಜಿಗಿಟ್ಟ.
"ರೀಸ್ಲಿಂಗ್. ಜರ್ಮನಿಯದ್ದು. ಡ್ರೈ."
ಕುಲುಕಿದರೆ ತುಳುಕುವುದನ್ನು ಒಣ ಅನ್ನುತ್ತಾರಾ ಯಾರಾದರೂ?
ಒಣ ಅಂದರೆ ನಮಗೆ ನಂಗ್ ಮೀನು,
ದಕ್ಕೆಯ ಚಾಪೆ, ಕಾಗೆ ಕಾಟ.

ಸೆವ್ರಿನ್ ಮಾಯ್ ಮೂಸಿದಳು:
"ಥೂ, ಸೀಮೆಎಣ್ಣೆ!"
ಅವನಿಗೆ ಖುಷಿಯೋ ಖುಷಿ.
ಹಳತಾದರೆ ಅದೇ ಅದರ ಗುಣವಂತೆ;
ಬತ್ತಿ ಸ್ಟವ್ವಿನೆದುರು ನಲವತ್ತು ವರ್ಷ ಕೂತ ಮೂಗು
ತಪ್ಪುವುದುಂಟೇ?

ಬಂಗುಡೆ ಪುಳಿಮುಂಚಿಗೆ ಅದು ಸೋತಿತು,
ಮೆಣಸು ಗದರಿದ್ದೇ ಮೂಲೆ ಸೇರಿತು.
ಕಾಣೆಯ ರವಾ ಫ್ರೈ ಬಂದಾಗ ಮಾತ್ರ
ಮುಳ್ಳಿನ ಪಕ್ಕದ ಬಿಳಿ ಮಾಂಸಕ್ಕೆ
ಹಿತ್ತಿಲ ಬಿಂಬುಳಿ ಹಿಂಡಿದ ಹಾಗೆ
ಹುಳಿ ಹನಿಸಿತು.
ನೀರುದೋಸೆಯ ಜತೆ ಸುಮ್ಮನಿತ್ತು,
ನೆಂಟರ ಮನೆಗೆ ಬಂದ ಮಗುವಿನಂತೆ.

ಮರುವಾಯಿ ಬಡಿಸುತ್ತಿದ್ದ ಮಾಯ್ ತಟ್ಟನೆ ನಿಂತಳು,
ಸೌಟು ಗಾಳಿಯಲ್ಲೇ:
"ಸಾರಿಲ್ಲದ್ದು ಸುಕ್ಕ.
ಸಕ್ಕರೆ ಇಲ್ಲದ್ದನ್ನೂ ಹಾಗೇ ಅನ್ನು ಮಾರಾಯ,
ಡ್ರೈ ಗಿೈ ಯಾಕೆ?"

ಎರಡನೇ ಗ್ಲಾಸಿಗೆ ತಾನೇ ಕೈ ಚಾಚಿದಳು.

ಖಾಲಿ ಬಾಟಲಿ ಈಗ ತೊಳೆದು ಕವುಚಿದೆ ಕಿಟಕಿಯಲ್ಲಿ;
ತೆಂಗಿನೆಣ್ಣೆಗೆ
ಹೇಳಿ ಮಾಡಿಸಿದ ಕತ್ತು.