ಐವತ್ತು ಹೆಜ್ಜೆ ಹಿಂದೆ

ಮುಸಫ್ಫಾದ ಒಂದು ಗಲ್ಲಿಯಲ್ಲಿ ನಮ್ಮ ಶೆಡ್ಡು.
ಎಡಕ್ಕೆ ಟಯರಿನವರು, ಬಲಕ್ಕೆ ರೇಡಿಯೇಟರಿನವರು,
ನಡುವೆ ನಾವು, ಕಾರಿನ ಕಣ್ಣಿಗೆ ಕಾಡಿಗೆ ಹಚ್ಚುವವರು.

ಊರಲ್ಲಿ ಅಮ್ಮ ಸಂಜೆಯಾದರೆ
ಲಾಟೀನಿನ ಗಾಜಿಗೆ ಬೂದಿ ಹಾಕಿ ತಿಕ್ಕುತ್ತಿದ್ದಳು.
ಒಂದು ಚುಕ್ಕೆ ಉಳಿದರೂ
"ಬೆಳಕಿಗೆ ಮೈಲಿಗೆ" ಎಂದು ಮತ್ತೆ ಒರೆಸುವಳು.
ಇಲ್ಲಿ ಅದೇ ಮಸಿ ಬಳಿದರೆ
ಜೋಡಿಗೆ ಮುನ್ನೂರೈವತ್ತು ದಿರ್ಹಮು.
ಅವಳಿಗಿದು ಗೊತ್ತಿಲ್ಲ.
"ಕಾರಿಗೆ ಸ್ಟಿಕರ್ ಅಂಟಿಸುತ್ತೇನೆ" ಅಂದಿದ್ದೇನೆ, ಅಷ್ಟೆ.

ಮೊನ್ನೆ ಗುರುವಾರ ಬಂದ ಸುಹೈಲ್.
ಇಪ್ಪತ್ತೆರಡರ ಹುಡುಗ, ಮೀಸೆಗಿನ್ನೂ ಬರಲೋ ಬೇಡವೋ ಎಂಬ ಅನುಮಾನ.
ಕಾರು ಮಾತ್ರ ನೆಲಕ್ಕೆ ಹೊಟ್ಟೆ ಹಚ್ಚಿದ ಉಡ,
ಬಣ್ಣ ಮಾಗಿದ ನೇರಳೆ.
"ಹಿಂದಿನ ದೀಪ ಪೂರಾ ಕಪ್ಪು ಮಾಡು, ಭಾಯ್.
ನಿಂತಾಗ ದೀಪವೇ ಇಲ್ಲ ಅನ್ನಿಸಬೇಕು."

ಹ್ಞೂಂ ಅಂದೆ. ಅನ್ನಲೇಬೇಕಲ್ಲ.
ಸೋಪುನೀರು ಚಿಮುಕಿಸಿ ಫಿಲ್ಮ್ ಬಿಡಿಸಿದೆ.
ಹೀಟ್ ಗನ್ನಿನ ಉಸಿರು ತಾಗಿದರೆ ಅದು
ಕೆಂಡದ ಮೇಲಿನ ಹಪ್ಪಳದಂತೆ ಮುದುಡಿ
ಆಮೇಲೆ ಮೆತ್ತಗಾಗಿ ಗಾಜಿನ ತಿರುವಿಗೆ ಒರಗುತ್ತದೆ.
ಎಡಕ್ಕೆ ಅವನು ಕೇಳಿದ ಕಡುಗಪ್ಪು.
ಬಲಕ್ಕೆ, ಕೇಳದೆಯೇ, ತೆಳು ಹೊಗೆ;
ಮೂಲೆಯ ರಿಫ್ಲೆಕ್ಟರಿನ ಸುತ್ತ ಬ್ಲೇಡು ಆಡಿಸಿ
ಆ ಎರಡು ಬೆರಳಗಲ ಬತ್ತಲೆ ಬಿಟ್ಟೆ.
ಎಂಜಿನ್ ಸತ್ತರೂ, ಬ್ಯಾಟರಿ ಸತ್ತರೂ
ಬೇರೆಯವರ ಬೆಳಕಿನಲ್ಲಿ ಬದುಕುವ ಜಾಗ ಅದು,
ನನ್ನ ಹಾಗೆ.

"ಬಾ" ಎಂದು ಐವತ್ತು ಹೆಜ್ಜೆ ಹಿಂದೆ ನಡೆಸಿದೆ,
ಟಯರಿನ ರಾಶಿ ದಾಟಿ, ಬೆಕ್ಕು ಮಲಗಿದ ಡ್ರಮ್ಮು ದಾಟಿ.
ಮೂರು ಗಂಟೆಯ ಬಿಸಿಲು.
ಜಮ್‌ಶೇದನಿಗೆ ಕೂಗಿದೆ: "ಬ್ರೇಕ್ ಒತ್ತು!"
ಬಲಗಡೆ ಕೆಂಪು ಅರಳಿತು.
ಎಡಗಡೆ ಏನೂ ಇಲ್ಲ.
"ಒತ್ತು ಅಂದೆನಲ್ಲ!"
"ಒತ್ತಿಯೇ ಇದ್ದೇನೆ, ಯಾರ್!"
ಸುಹೈಲ್ ಹಣೆಗೆ ಕೈ ಅಡ್ಡ ಹಿಡಿದು ನೋಡಿದ.

ಆಗ ಹೇಳಿದೆ, ಮುರುಕು ಅರಬಿಯಲ್ಲಿ,
ಒಂದು ಜನವರಿಯ ಬೆಳಗು.
ಮಂಜಿಗೆ ಪದ ಸಿಗದೆ "ನೆಲಕ್ಕೆ ಬಿದ್ದ ಮೋಡ" ಅಂದೆ.
"ದಬಾಬ್" ಎಂದು ತಿದ್ದಿದ.
ಹೂಂ, ಅದೇ. ಗಂಜಿಯಂಥ ದಬಾಬ್.
ಕ್ಯಾಂಪಿನ ಬಸ್ಸು, ಡ್ರೈವರ್ ಕಿಟಕಿಯಾಚೆ ತಲೆ ಹಾಕಿ
ರಸ್ತೆಯ ಬಿಳಿಗೆರೆ ಹುಡುಕುತ್ತಿದ್ದ.
ಮುಂದೆ ಲಾರಿಯೊಂದು ಕೆಟ್ಟು ನಿಂತಿತ್ತು.
ನಮಗೆ ಕಂಡದ್ದು ಲಾರಿಯಲ್ಲ,
ಅಂಗೈಯಗಲದ ಒಂದೇ ಒಂದು ಕೆಂಪು ಬಿಲ್ಲೆ.
ಬಸ್ಸು ನಿಂತಾಗ ಅದಕ್ಕೂ ನಮಗೂ ನಡುವೆ
ಒಬ್ಬ ಮನುಷ್ಯ ಅಡ್ಡ ನಿಲ್ಲುವಷ್ಟು ಜಾಗ.
ಮೂವತ್ತೆಂಟು ಜನ. ಯಾರೂ ಮಾತಾಡಲಿಲ್ಲ.
ಯಾರದೋ ಬುತ್ತಿಯ ಮುಚ್ಚಳ ಮಾತ್ರ
ಬಹಳ ಹೊತ್ತು ಉರುಳುತ್ತಿತ್ತು.

"ನಮಗೆ ಹೊಳೆಯುವ ಪಟ್ಟಿಯ ಜಾಕೀಟು ತೊಡಿಸುತ್ತಾರೆ, ಕಾಣಲಿ ಅಂತ.
ನೀನು ಕಾಣದಿರಲು ದುಡ್ಡು ಕೊಡುತ್ತೀಯ."
ನಕ್ಕ. ನನಗೂ ಸಲಿಗೆ ಬಂತು:
"ನಿನ್ನ ಹೆಸರಿನ ನಕ್ಷತ್ರವನ್ನು ಆಗಸ್ಟಿನ ಕೊನೆಗೆ
ಮುದುಕರೆಲ್ಲ ನಸುಕಲ್ಲೆದ್ದು ಹುಡುಕುತ್ತಾರಂತೆ,
ಅದು ಕಂಡರೆ ಸೆಕೆ ಇಳಿಯಿತು ಎಂದು.
ಅದಕ್ಕೆ ಫಿಲ್ಮ್ ಹಚ್ಚಲೇ?"
"ಅಜ್ಜ ಕೊಂದುಬಿಡುತ್ತಾನೆ" ಅಂದ.

ಎಡಗಡೆಯದನ್ನೂ ಕಿತ್ತು ತೆಳುವಾದದ್ದು ಹಾಕಿಸಿಕೊಂಡ.
ಗೆದ್ದೆ ಎನ್ನಲಾರೆ.
ಹಿಂದಿನ ಗಲ್ಲಿಯಲ್ಲಿ ಡಬ್ಬಿ ಬಣ್ಣ ಊದುವವರಿದ್ದಾರೆ,
ಅರ್ಧ ಬೆಲೆಗೆ, ಒಂದು ಹೆಜ್ಜೆಯೂ ನಡೆಸದೆ.

ರಾತ್ರಿ ಚಹಾ ತಂದ ನೇಪಾಳದ ಲೋಕೇಂದ್ರ.
ಅವನ ಸೈಕಲ್ಲಿಗೆ ಹಿಂದೆ ಮುಂದೆ ಏನೂ ಇಲ್ಲ.
ಮಡ್‌ಗಾರ್ಡಿನ ಧೂಳು ಉಗುಳಿ ಒರೆಸಿ
ಮಿಕ್ಕಿದ್ದ ಕೆಂಪು ರಿಫ್ಲೆಕ್ಟರ್ ಟೇಪು ಒತ್ತಿದೆ.
"ಎಷ್ಟಾಯ್ತು?"
"ಹೋಗು, ತಿರುಗಿ ನೋಡಬೇಡ. ನಾನು ನೋಡ್ತೇನೆ."

ಹೋದ. ಲಾರಿಯೊಂದು ಬಂದಾಗ ಹೊತ್ತಿಕೊಂಡ,
ಕತ್ತಲಾಗಿ, ಮತ್ತೊಂದು ಬಂದಾಗ ಮತ್ತೆ.
ಐವತ್ತು, ನೂರು, ನೂರಿಪ್ಪತ್ತು...
ಎಣಿಕೆ ತಪ್ಪಿತು.
ಚಹಾ ಆರಿತ್ತು.