ಅಳತೆ ಪುಸ್ತಕ

ಗುಡಿಬಂಡೆಯ ಹಳೇ ಕಚೇರಿ ನಡುಗಿದ್ದು ಮೂರೆಣಿಸುವಷ್ಟು ಹೊತ್ತು.
ಮೊದಲು ಎಲ್ಲರೂ ಕ್ವಾರಿಯವರನ್ನು ಬೈದರು.
ಅಮಾವಾಸ್ಯೆ, ಕ್ವಾರಿಗೆ ರಜೆ ಎಂದು
ಆಮೇಲೆ ಯಾರಿಗೋ ನೆನಪಾಯಿತು.
ಪಹಣಿಗೆ ಸಾಲು ನಿಂತವರು ಬಯಲಿಗೆ ಬಂದು
ತಮ್ಮ ತಮ್ಮ ಕಾಲು ನೋಡಿಕೊಂಡರು.

ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ
ತಾರೀಖು ಬರೆಯುವುದು ನನ್ನ ಕೆಲಸ.
ಗೋಡೆ ಕದಲಿದರೆ ಗಾಜು ಒಡೆಯುತ್ತದೆ, ಅಷ್ಟೇ.
ಹನ್ನೊಂದು ಪಟ್ಟಿ. ಖಜಾನೆ ಕೋಣೆಯದಕ್ಕೆ
ಏಣಿಯ ತುದಿಮೆಟ್ಟಿಲು ಬೇಕಾಯಿತು.

ಗಂಗುಲಪ್ಪ ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಬಂದ,
ಹಲಸಿನಹಣ್ಣು ಕೊಳ್ಳುವವನ ಹಾಗೆ, ಕಿವಿ ಓರೆ ಮಾಡಿ.
ಟಣ್ ಎಂದಲ್ಲಿ ಸುಣ್ಣದ ಗುರುತು, ಡಬ್ ಎಂದಲ್ಲಿ ಕೆಮ್ಮಣ್ಣಿನದು.
ಸಂಜೆಗೆ ಗೋಡೆಯೆಲ್ಲ ಕೆಂಪು.
"ಇದು ಒಂದು ಗೋಡೆಯಲ್ಲಮ್ಮಾ, ಎರಡು.
ಬೆನ್ನಿಗೆ ಬೆನ್ನು ಹಾಕಿ ನಿಂತಿವೆ,
ಭಾಗವಾದ ಅಣ್ಣತಮ್ಮಂದಿರು. ಮಾತಿಲ್ಲ."

ಒಂದು ಕಲ್ಲು ಕಳಚಿ ಮೊಣಕೈವರೆಗೆ ಕೈ ಹಾಕಿದೆ.
ತಣ್ಣಗಿತ್ತು. ಹುಡಿಮಣ್ಣು, ಹೆಂಚಿನ ಚೂರು, ಹುಣಸೆಬೀಜ,
ಇಲಿ ಹೊತ್ತು ತಂದ ಜಪ್ತಿ ನೋಟೀಸಿನ ಮೂಲೆ.
ಸುಣ್ಣ ಒಂದು ಚಿಟಿಕೆಯಿಲ್ಲ.

ರೆಕಾರ್ಡ್ ರೂಮಿನಲ್ಲಿ ಅದರ ಬಿಲ್ಲು ಸಿಕ್ಕಿತು.
"ಬೆಂದ ಸುಣ್ಣ, ಗಾಡಿ ನೂರ ನಲವತ್ತು.
ಖುದ್ದು ಅಳೆದು ನೋಡಿದೆ, ಸರಿ ಇದೆ."
ಕೆಳಗೆ ಓವರ್‌ಸಿಯರನ ರುಜು, ಕುಂಬಳದ ಬಳ್ಳಿಯಂತೆ ಚೆಂದ.
ಆ ಚೆಂದದ ಮೇಲೆ ನಿಂತಿತ್ತು
ಇಡೀ ತಾಲ್ಲೂಕಿನ ಪಹಣಿ, ನೂರ ಹನ್ನೆರಡು ವರ್ಷ.

ಈಗ ಎರಡು ಗೋಡೆಗೂ ಹಾಯುವ ಅಡ್ಡಗಲ್ಲು, ಗಜಕ್ಕೊಂದು.
ಬಾಗಿಲ ತಲೆಮಟ್ಟದಲ್ಲಿ ಸುತ್ತಲೂ ಉಕ್ಕಿನ ಪಟ್ಟಿ,
ಬಾಣಂತಿಯ ಹೊಟ್ಟೆಗೆ ಬಿಗಿಯುವ ಬಟ್ಟೆಯ ಹಾಗೆ.
ತೊಲೆಗೂ ಗೋಡೆಗೂ ಕೊಂಡಿ.
ಪೊಳ್ಳಿಗೆಲ್ಲ ಕೊಳವೆಯಿಂದ ಸುಣ್ಣದ ಗಂಜಿ.
ಮೂರನೆಯ ದಿನವೂ ಗೋಡೆ ಕುಡಿಯುತ್ತಲೇ ಇತ್ತು.
ಗಂಗುಲಪ್ಪ ಕೊಳವೆಗೆ ಕಿವಿಯಿಟ್ಟು
"ಇಂಕಾ ಆಕಲಂಟಾ ಉಂದಿ" ಎಂದ. ಇನ್ನೂ ಹಸಿವಂತೆ.

ಗುತ್ತಿಗೆದಾರರು ಟೀ ತರಿಸಿದರು.
"ಮೇಡಂ, ಎರಡು ಗಜಕ್ಕೊಂದು ಸಾಲದೆ?
ಗಾರೆ ಮೆತ್ತಿದ ಮೇಲೆ ಯಾರು ನೋಡುತ್ತಾರೆ?"
ಒಳ್ಳೆಯ ಮನುಷ್ಯ. ನನ್ನ ಮಗಳ ಜ್ವರ ವಿಚಾರಿಸಿದವರು.
ನಾನು ಏನೂ ಅನ್ನಲಿಲ್ಲ, ಟೀ ಕುಡಿದೆ.

ಗಾರೆಗೆ ಮೊದಲು ಒಂದೊಂದೇ ಕಲ್ಲಿಗೆ ಬೆರಳಿಟ್ಟು ಎಣಿಸಿದೆ.
ಇನ್ನೂರ ಆರು, ಲೆಕ್ಕ ಸರಿ.
ಮತ್ತೆ ಸುತ್ತಿಗೆ ಇಸಿದುಕೊಂಡು ತಟ್ಟುತ್ತ ಹೋದೆ.
ಉತ್ತರದಲ್ಲಿ, ನೀರಿನ ತೊಟ್ಟಿಯ ಹಿಂದೆ, ಮೂರು ಡಬ್ ಎಂದವು:
ಬರೀ ತಲೆ, ಹಿಂದೆ ಮೈಯಿಲ್ಲ.
ಕೀಳಿಸಿದೆ. ನಾಲ್ಕು ದಿನ ತಡ, ಒಂದು ನೋಟೀಸು, ನನಗೇ.

ಅಳತೆ ಪುಸ್ತಕದಲ್ಲಿ ಕೊನೆಯ ಸಾಲು ಅಚ್ಚಾಗಿಯೇ ಇದೆ:
ಖುದ್ದು ಅಳೆದು ನೋಡಿದೆ, ಸರಿ ಇದೆ.
ಇಲಾಖೆ ಒಂದಕ್ಷರ ಬದಲಿಸಿಲ್ಲ.
ನನ್ನ ರುಜು ಬಸ್ಸಿನಲ್ಲಿ ಕೂತು ಹಾಕಿದ ಹಾಗಿರುತ್ತದೆ.

ನಿನ್ನೆ ಏಣಿ ಹತ್ತಿ ನೋಡಿದೆ. ಹತ್ತು ಗಾಜು ಸರಿ.
ಖಜಾನೆ ಕೋಣೆಯದು ಒಡೆದಿದೆ.
ನೆಲ ಕದಲಿತೋ, ಪೇಂಟಿನವರ ಏಣಿ ತಾಗಿತೋ,
ಹೇಳುವವರಿಲ್ಲ.
ಹೊಸ ಪಟ್ಟಿ ತಂದಿದ್ದೇನೆ.
ಗಂಗುಲಪ್ಪ ಕೆಳಗೆ ಏಣಿ ಹಿಡಿದು ನಿಂತಿದ್ದಾನೆ.
ಇವತ್ತು ತಾರೀಖು ಎಷ್ಟು?